ಅತ್ತೆ ಡಾಕ್ಟರನ್ನು ಕೇಳಿದ ಪ್ರಶ್ನೆ

ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ನನ್ನ ಮೊದಲ ಹೆರಿಗೆ ಕೆ.ಆರ್. ಪೇಟೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಿತು. ಪದ್ಧತಿ ಪ್ರಕಾರ ಚೊಚ್ಚಲ ಹೆರಿಗೆಗೆ ತವರೂರು ಅರಕೆರೆಗೆ ಹೋಗಬೇಕಿತ್ತು. ಆದರೆ ನಾನು ಹೈಸ್ಕೂಲಿನಲ್ಲಿ ಇರುವಾಗಲೇ ನಮ್ಮಮ್ಮ ತೀರಿಕೊಂಡಿದ್ದರು. ಅಪ್ಪ ಕರೆದೊಯ್ಯಲು ಬಂದಾಗ ಅತ್ತೆಯೇ ಬೇಡ ಅಂದರು. ಬರೀ ಗಂಡಸರೇ ಇರೋ ಮನೆಯಲ್ಲಿ ಬಾಣಂತನ ಯಾರು ಮಾಡ್ತಾರೆ, ನನ್ನ ಮಗಳು ಅಂದುಕೊಂಡು ನಾನೇ ಮಾಡ್ತೀನಿ ಅಂದರು. ಕಿಕ್ಕೇರಿ ಹತ್ತಿರದ ಹಳ್ಳಿ ನಮ್ಮದು. ಕೊಟ್ಟಿಗೆ ತುಂಬ ಹಸುಗಳಿದ್ದವು, ಡೈರಿಗೆ ಹಾಲು ಹಾಕುತ್ತಿದ್ದೆವು. ಅದನ್ನೆಲ್ಲ ಮಾವನವರ ಮೇಲೆ ಬಿಟ್ಟು ಅತ್ತೆ ನನ್ನ ಜೊತೆ ಆಸ್ಪತ್ರೆಗೆ ಬಂದು ಕೂತರು. ಅಂಥವರಿಗೆ ನಾನು ಎದುರಾಡುವುದು ಹೇಗೆ?

ಹೆಣ್ಣುಮಗು. ಸ್ವಲ್ಪ ಸಣ್ಣಗಿತ್ತು. ನಾನು ಪಿಯುಸಿಯಲ್ಲಿ ಸೈನ್ಸ್ ಓದಿದವಳು. ಮೊದಲ ಹಾಲು ಮಗುವಿಗೆ ಒಳ್ಳೆಯದು ಎಂದು ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೆ ಅತ್ತೆ ಆ ಹಳದಿ ಹಾಲನ್ನು ಬಟ್ಟಲಿಗೆ ಹಿಂಡಿಸಿ, ಆಸ್ಪತ್ರೆ ಹಿತ್ತಲಿನ ಗಿಡದ ಬುಡಕ್ಕೆ ಚೆಲ್ಲಿ ಬಂದಾಗ ನಾನು ತುಟಿ ಬಿಚ್ಚಲಿಲ್ಲ. ಅದು ಕೆಟ್ಟ ಹಾಲು, ಮೂರು ದಿನ ಕಳೆದ ಮೇಲೆ ಎದೆಗೆ ಹಾಕಬೇಕು, ಅಲ್ಲಿವರೆಗೆ ಸಕ್ಕರೆ ನೀರು ಅಂತ ಅವರ ಲೆಕ್ಕ. ಪಕ್ಕದ ಹಾಸಿಗೆಯಲ್ಲಿದ್ದ ಬಾಣಂತಿ ಪೇಟೆಯ ಮುಸ್ಲಿಮರ ಮನೆಯವಳು. ಅವಳ ಅಜ್ಜಿ, ನಮ್ಮಲ್ಲೂ ಹಾಗೇನೇ, ನಾವು ಜೇನುತುಪ್ಪ ನೆಕ್ಕಿಸ್ತೀವಿ ಅಂದರು. ಇಬ್ಬರೂ ಒಳ್ಳೇ ಸ್ನೇಹಿತರಾಗಿಬಿಟ್ಟರು.

ಅಲ್ಲಿದ್ದ ಡಾಕ್ಟರಮ್ಮ ಬೇರೆ ಕಡೆಯವರು, ವಯಸ್ಸು ಚಿಕ್ಕದು, ಮಾತು ಬಿರುಸು. ಸಕ್ಕರೆ ನೀರಿನ ಲೋಟ ನೋಡಿ ಅತ್ತೆಗೂ ನನಗೂ ಸೇರಿಸಿ ಬೈದರು. ಓದಿದವಳಾಗಿ ನಿನಗಾದರೂ ಗೊತ್ತಾಗಬೇಡವಾ ಅಂತ ನನ್ನನ್ನು ಕೇಳಿದರು. ಅತ್ತೆ ಕೈಮುಗಿದು "ಆಗ್ಲಿ ತಾಯಿ" ಅಂದರು. ಡಾಕ್ಟರಮ್ಮ ಆ ಕಡೆ ಹೋದ ಮೇಲೆ ಹತ್ತಿಯನ್ನು ಮತ್ತೆ ಸಕ್ಕರೆ ನೀರಿಗೆ ಅದ್ದಿ ಮಗುವಿನ ಬಾಯಿಗಿಟ್ಟರು.

ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಮಗು ಅಳುವುದನ್ನೇ ನಿಲ್ಲಿಸಿತು. ಎಬ್ಬಿಸಿದರೂ ಕಣ್ಣು ಬಿಡದು. ಅಂಗಾಲು ಮುಟ್ಟಿದರೆ ತಣ್ಣಗಿತ್ತು. ಅತ್ತೆ ಮಗುವನ್ನು ಸೆರಗಿನೊಳಗೆ ಹಾಕಿಕೊಂಡು ಕಾಲು ತಿಕ್ಕುತ್ತಾ ಕೂತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಅತ್ತೆ, ಕರು ಹಾಕಿದ ತಕ್ಷಣ ಗಿಣ್ಣುಹಾಲು ಕುಡಿಸಿ ಅಂತ ನೀವೇ ಎಲ್ಲರಿಗೂ ಹೇಳ್ತೀರಲ್ಲ. ಕುಡಿಸದೆ ಇದ್ರೆ ಕರು ಏಳಲ್ಲ ಅಂತೀರಲ್ಲ."

"ದನವೂ ಮನ್ಸರೂ ಒಂದೇ ಏನವ್ವ?" ಅಂದರು. ಆದರೆ ಅವರ ಕೈ ನಿಂತುಹೋಗಿತ್ತು. ಮಗುವಿನ ಮುಖವನ್ನೇ ನೋಡುತ್ತಾ, ನನ್ನ ಕಡೆ ತಿರುಗದೆ ಹೇಳಿದರು.

"ನಿನ್ ಗಂಡನಿಗಿಂತ ಮುಂಚೆ ನಂಗೊಂದು ಎಣ್ಮಗ ಆಗಿತ್ತು ಕಣವ್ವ. ಅಳೋದ ನೋಡಕಾಗ್ದೆ ಉಟ್ಟಿದ ದಿನವೇ ಎದೆಗೆ ಆಕ್ಬುಟ್ಟೆ. ಉಳೀನಿಲ್ಲ. ಕೆಟ್ಟಾಲು ಕುಡ್ಸಿ ಕೊಂದ್ಬುಟ್ಟೆ ಅಂದ್ರು ನಮ್ಮತ್ತೆ."

ನನ್ನ ಗಂಡನೇ ಅತ್ತೆಯ ಮೊದಲ ಮಗು ಎಂದು ನಾನು ತಿಳಿದಿದ್ದೆ. ಈ ಮಾತು ಅವರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅತ್ತೆ ಅದನ್ನು ಒಬ್ಬರೇ ಹೊತ್ತುಕೊಂಡಿದ್ದರು. ಹಟವೆಂದು ನಾನು ಅಂದುಕೊಂಡದ್ದು ಭಯ ಎಂದು ಆಗ ತಿಳಿಯಿತು.

ನಾನು ಏನಾದರೂ ಹೇಳುವ ಮೊದಲೇ ಅವರು ಎದ್ದು, ಮಗುವನ್ನು ಎದೆಗವಚಿಕೊಂಡು ಡಾಕ್ಟರಮ್ಮನ ಕೋಣೆಗೆ ಹೋದರು. ಗೋಡೆ ಹಿಡಿದುಕೊಂಡು ನಾನೂ ಹಿಂದೆಯೇ ಹೋದೆ. ಡಾಕ್ಟರಮ್ಮ ಮಗುವನ್ನು ನೋಡಿದವರೇ ಈಗಲೇ ಹಾಲು ಕುಡಿಸಬೇಕು ಅಂದರು. ಅತ್ತೆ ಅಲ್ಲಾಡಲಿಲ್ಲ. ನಿಂತಲ್ಲೇ ನಿಂತು, ನನಗೆ ಹೇಳಿದ್ದನ್ನೇ ಅವರಿಗೂ ಹೇಳಿ ಕೇಳಿದರು.

"ಅಂಗಾದ್ರೆ ನನ್ ಕೂಸು ಯಾಕೆ ಓಯ್ತು?"

ಈಗ ಮತ್ತೆ ಬೈಗುಳ ಬೀಳುತ್ತದೆ ಅಂದುಕೊಂಡೆ. ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿಯಿಂದ ಎದ್ದು ಅತ್ತೆಯ ಹತ್ತಿರ ಬಂದರು.

"ಗೊತ್ತಿಲ್ಲಮ್ಮ. ಆವತ್ತು ನೋಡದೆ ನಾನು ಹೇಗೆ ಹೇಳಲಿ? ಆದರೆ ಆ ಹಾಲಿನಿಂದ ಅಲ್ಲ. ನಿಮ್ಮಿಂದ ಅಲ್ಲ."

"ಆಣೆ ಮಾಡೇಳಿ."

"ಆಣೆ ಯಾಕೆ? ನನ್ನ ಮಗನಿಗೆ ನಾನು ಕುಡಿಸಿದ್ದೂ ಅದೇ ಹಾಲು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನನ್ನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂರಿಸಿ, ತಾವೇ ಮಗುವನ್ನು ನನ್ನ ಎದೆಗೆ ಹಿಡಿದರು. ಮೊದಮೊದಲು ಅದಕ್ಕೆ ಚೀಪುವುದಕ್ಕೂ ಶಕ್ತಿ ಇರಲಿಲ್ಲ. ಡಾಕ್ಟರಮ್ಮ ಹಾಲನ್ನು ಚಮಚಕ್ಕೆ ಹಿಂಡಿಸಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟರು. ಅತ್ತೆ ಕಿವಿಯ ಹಿಂದೆ ನೇವರಿಸುತ್ತಾ, ಕುಡಿಯವ್ವ, ಕುಡಿಯವ್ವ ಅನ್ನುತ್ತಿದ್ದರು. ಸಂಜೆಯ ಹೊತ್ತಿಗೆ ಮಗು ಕಣ್ಣುಬಿಟ್ಟು ವಾರ್ಡಿಗೆಲ್ಲ ಕೇಳುವ ಹಾಗೆ ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಮತ್ತೆ ಕೇಳಿಲ್ಲ. ಪಕ್ಕದ ಹಾಸಿಗೆಯ ಅಜ್ಜಿ ಇದನ್ನೆಲ್ಲ ನೋಡುತ್ತಲೇ ಇದ್ದರು. ಜೇನುತುಪ್ಪದ ಶೀಸೆಯನ್ನು ಸದ್ದಿಲ್ಲದೆ ಚೀಲಕ್ಕೆ ಸೇರಿಸಿದರು.

ಅತ್ತೆ ಡಾಕ್ಟರಮ್ಮನ ಮಾತನ್ನೆಲ್ಲ ಕೇಳಿದರು ಅಂತೇನೂ ಅಲ್ಲ. ಗಡಿಯಾರ ನೋಡಿಕೊಂಡೇ ಹಾಲು ಕೊಡಬೇಕು ಅಂದದ್ದನ್ನು ಊರಿಗೆ ಬಂದ ದಿನವೇ ಬಿಟ್ಟುಬಿಟ್ಟರು. ಹಸಿವಿಗೆ ಗಂಟೆ ಗೊತ್ತಾ ಅಂತ ಅವರ ವಾದ. ಆಮೇಲೆ ಇನ್ನೊಬ್ಬ ಡಾಕ್ಟರು, ಮಗು ಕೇಳಿದಾಗ ಕೊಡುವುದೇ ಸರಿ ಅಂದರು. ಅದನ್ನು ಹೇಳಿದರೆ ಅತ್ತೆ ದೊಡ್ಡದಾಗಿ ನಕ್ಕರು.

ನನ್ನ ಗಂಡನಿಗೆ ಅಕ್ಕನ ವಿಷಯವನ್ನು ಅತ್ತೆಯೇ ಹೇಳಿದರು. ಆಮೇಲೆ ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಹೋದ ಮಗುವನ್ನೂ ಸೇರಿಸಿ ಹೇಳುತ್ತಿದ್ದರು.

ಕೆಲವು ವರ್ಷಗಳಾದ ಮೇಲೆ ನನ್ನ ಮೈದುನನ ಹೆಂಡತಿಗೆ ನಾಗಮಂಗಲದ ಅವಳ ತವರಿನಲ್ಲಿ ಹೆರಿಗೆಯಾಯಿತು. ನಾನೂ ಅತ್ತೆಯೂ ನೋಡಲು ಹೋದಾಗ ಅವಳ ತಾಯಿ ಸಕ್ಕರೆ ನೀರು ಕಲಸುತ್ತಿದ್ದರು. ಡಾಕ್ಟರಮ್ಮ ಹೇಳಿದ್ದನ್ನು ಅತ್ತೆ ವಿವರಿಸುತ್ತಾರೆ ಅಂತ ನಾನು ಕಾಯುತ್ತಿದ್ದೆ. ಅವರು ಲೋಟವನ್ನು ಆ ಕಡೆ ಸರಿಸಿ ನಿಧಾನವಾಗಿ ಹೇಳಿದರು.

"ನಮ್ಮನೇಲಿ ಉಟ್ಟಿದ ತಕ್ಷಣ ಎದೆಗೆ ಆಕೋದೇ ಸಾಸ್ತ್ರ ಕಣವ್ವ. ಮದ್ಲಿಂದ್ಲೂ ಇಂಗೇಯ."

ಆ ತಾಯಿ ಮಗುವನ್ನು ಎತ್ತಿ ಮಗಳ ಕೈಗೆ ಕೊಟ್ಟರು. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ನಾನು ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿ ನಿಂತೆ.