ಮೂರು ಬಣ್ಣದ ಬೈರಪ್ಪ

ನಮ್ಮಪ್ಪ ಬೈರಪ್ಪನಿಗೆ ಮೂರರ ಜೊತೆ ನಾಲ್ಕನೇ ಬಣ್ಣ ಕಂಡರೆ ಆಗುವುದಿಲ್ಲ. ಅವರು ನೇಯುವ ಸೀರೆಗೆ ಒಡಲೊಂದು, ಅಂಚೊಂದು, ಸೆರಗೊಂದು. ಮೂರೂ ಒಂದಕ್ಕೊಂದು ಹೆದರದಷ್ಟು ಗಟ್ಟಿ ಬಣ್ಣಗಳಾಗಿರಬೇಕು. ದೊಡ್ಡಬಳ್ಳಾಪುರದ ನಮ್ಮ ಮನೆಗೂ ಅದೇ ಕಾನೂನು: ಹಳದಿ ಗೋಡೆ, ಕೆಂಪು ಬಾಗಿಲು, ನೀಲಿ ಕಿಟಕಿ. ನಾನೊಮ್ಮೆ ತಂದ ಹಸಿರು ಪರದೆ ಎರಡು ದಿನ ಉಳಿಯಲಿಲ್ಲ. ಮದುವೆ ಊಟಕ್ಕೆ ಕೂತರೂ ಎಲೆಯ ಅನ್ನ ಆರಿಹೋಗುವವರೆಗೆ ಎದುರು ಸಾಲಿನವರ ಸೀರೆ, ಕುಪ್ಪಸ, ಬಳೆ ನೋಡುತ್ತಿರುತ್ತಾರೆ. ತಪ್ಪು ತಿಳಿದ ಹೆಂಗಸರು ಅಮ್ಮನ ಬಳಿ ದೂರಿದ್ದೂ ಉಂಟು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಊರೆಲ್ಲ ತಮ್ಮ ಬಣ್ಣ ಕದಿಯಲು ಕಾದು ಕೂತಿದೆ ಎಂಬ ಅನುಮಾನವೂ ಅವರಿಗಿತ್ತು. ಹೋದ ವರ್ಷ ಹೊಸ ಜೋಡಣೆ ಹೊಳೆಯಿತು: ಸಾಸಿವೆ ಹಳದಿ ಒಡಲು, ರಾಣಿ ಬಣ್ಣದ ಅಂಚು, ಗಿಳಿಹಸಿರು ಸೆರಗು. ವರಮಹಾಲಕ್ಷ್ಮಿ ಹಬ್ಬಕ್ಕೆ ಪೇಟೆಗೆ ಬಿಡುವವರೆಗೆ ಯಾರ ಕಣ್ಣಿಗೂ ಬೀಳಬಾರದು. ಒಬ್ಬನಿಗೇ ಮೂರೂ ತಿಳಿಯದಿರಲೆಂದು ನೂಲಿಗೆ ಮೂರು ಕಡೆ ಬಣ್ಣ ಹಾಕಿಸಿದರು. ಪಕ್ಕದ ಮಗ್ಗದ ರಾಜೇಂದ್ರಣ್ಣ ಇಣುಕುತ್ತಾನೆಂದು ಸೆಕೆಯಲ್ಲೂ ಕಿಟಕಿ ಮುಚ್ಚಿದರು. ಮಾದರಿ ನೇಯ್ದಾಗ ಉಳಿದ ತುಂಡು ಎಳೆಗಳನ್ನೂ ಬೀದಿಗೆ ಹೋಗಲು ಬಿಡದೆ ತಾವೇ ಬಾಚಿಟ್ಟುಕೊಂಡರು.

ಮೂರನ್ನೂ ಒಟ್ಟಿಗೆ ನೋಡಿದ ಹೊರಗಿನವಳು ಅಕ್ಕಯ್ಯಮ್ಮ ಒಬ್ಬಳೇ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದ್ದೂ ಅವಳೇ.

ಹಬ್ಬಕ್ಕೆ ಇನ್ನೂ ಒಂದು ತಿಂಗಳಿರುವಾಗ ಬಸ್ ನಿಲ್ದಾಣದಲ್ಲಿ ಯಾರೋ ಒಬ್ಬಾಕೆ ಅದೇ ಮೂರು ಬಣ್ಣದ ಸೀರೆ ಉಟ್ಟು ನಿಂತಿದ್ದನ್ನು ಅಪ್ಪ ಕಂಡರು. ಮನೆಗೆ ಬಂದವರು ಚಪ್ಪಲಿಯನ್ನೂ ಬಿಡಲಿಲ್ಲ. ಕೆಲಸ ಮುಗಿಸಿ ಹೊರಟಿದ್ದ ಅಕ್ಕಯ್ಯಮ್ಮನ ಚೀಲ ಕಿತ್ತುಕೊಂಡು ಜಗಲಿಯ ಮೇಲೆ ಸುರಿದರು. ಊಟದ ಡಬ್ಬಿ, ಬಿ.ಪಿ. ಮಾತ್ರೆ, ಬಾಚಣಿಗೆ. ಒಂದೆಳೆ ನೂಲೂ ಇರಲಿಲ್ಲ. ಆದರೂ ನಾಳೆಯಿಂದ ಬರಬೇಡ ಎಂದುಬಿಟ್ಟರು. ಬೀದಿಯವರು ನೋಡುತ್ತಿದ್ದರು. ನಾನೂ ಬಾಗಿಲಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ಅಪ್ಪನ ಭಯದಿಂದ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಇವಳೇ ಯಾಕಾಗಿರಬಾರದು ಎಂದು ನನಗೂ ಒಂದು ಗಳಿಗೆ ಅನ್ನಿಸಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವಳು ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿಕೊಂಡು ಹೋದಳು. ಆಮೇಲೆ ಬಾಶೆಟ್ಟಿಹಳ್ಳಿಯಲ್ಲಿ ಯಾವುದೋ ಬಟ್ಟೆ ಕಾರ್ಖಾನೆಗೆ ಸೇರಿದಳೆಂದು ಕೇಳಿದೆವು.

ಅಪ್ಪನ ಅನುಮಾನ ಅಲ್ಲಿಗೂ ನಿಲ್ಲಲಿಲ್ಲ. ಅವಳು ಬಣ್ಣವನ್ನು ಯಾರಿಗೆ ಮುಟ್ಟಿಸಿದಳೆಂದು ಪತ್ತೆ ಮಾಡಬೇಕಿತ್ತು. ನನ್ನನ್ನೂ ಕರೆದುಕೊಂಡು, ನಮ್ಮ ಸೀರೆಗಳನ್ನು ಕೊಳ್ಳುವ ಬೆಂಗಳೂರಿನ ವ್ಯಾಪಾರಿ ದೇವರಾಜ್ ಅವರ ಅಂಗಡಿಗೆ ಹೋದರು. ಆ ಸೀರೆ ಅಲ್ಲಿ ಎದುರಿಗೇ ನೇತಾಡುತ್ತಿತ್ತು. ಈ ಬಣ್ಣ ಯಾರು ಕೊಟ್ಟರೆಂದು ಅಪ್ಪ ಗದರಿಸಿ ಕೇಳಿದರು.

“ನೀವೇ ಅಲ್ವಾ ಬೈರಪ್ಪ?” ಎಂದರು ದೇವರಾಜ್. “ಮೂರ್ ತಿಂಗ್ಳ ಹಿಂದೆ ಮಾಮೂಲಿ ಸೀರೆ ಕಟ್ಟು ಕಳಿಸ್ದಾಗ ಮೂರು ಬಣ್ಣದ ಹುರೀಲಿ ಬಿಗಿದಿದ್ರಲ್ಲ, ನೋಡಿದ ತಕ್ಷಣ ಹಿಡಿಸ್ಬಿಡ್ತು. ಇನ್ನೊಬ್ರಿಗೆ ಹೇಳಿ ನೇಯಿಸ್ದೆ.”

ಕಟ್ಟು ಕಟ್ಟಲು ನಾವು ಎಂದೂ ದಾರ ಕೊಂಡವರಲ್ಲ. ಉಳಿದ ಎಳೆಗಳನ್ನು ತೊಡೆಯ ಮೇಲೆ ಹೊಸೆದರೆ ಹುರಿಯಾಯಿತು. ಯಾರ ಕಣ್ಣಿಗೂ ಬೀಳಬಾರದೆಂದು ಬಾಚಿಟ್ಟುಕೊಂಡ ಎಳೆಗಳನ್ನು ಅಪ್ಪ ಅಭ್ಯಾಸಬಲದಿಂದ ತಾವೇ ಹೊಸೆದು, ತಾವೇ ಕಟ್ಟು ಬಿಗಿದು, ತಾವೇ ಬಸ್ಸಿಗೆ ಹಾಕಿ ಬಂದಿದ್ದರು.

ಊರಿಗೆ ಬಂದವರು ನೇರ ಅಕ್ಕಯ್ಯಮ್ಮನ ಮನೆಗೆ ಹೋದೆವು. ಕೂರಿಸಿ ನೀರು ಕೊಟ್ಟಳು. ಅಪ್ಪ ನಡೆದದ್ದನ್ನೆಲ್ಲ ಹೇಳಿ ಕೈಮುಗಿದರು. ಬೀದಿಯವರ ಮುಂದೆಯೂ ತಪ್ಪೊಪ್ಪಿಕೊಳ್ಳುತ್ತೇನೆಂದರು. ನಾನು ಅವಳ ಕೈ ಹಿಡಿದುಕೊಂಡೆ, ಅವಳು ಬಿಡಿಸಿಕೊಳ್ಳಲಿಲ್ಲ. ಕಾರ್ಖಾನೆಯಲ್ಲಿ ದಿನವೆಲ್ಲ ನಿಂತೇ ಇರಬೇಕು, ಕಾಲು ಊದುತ್ತದೆ ಎಂದಳು. ಅಪ್ಪನ ಮುಖ ಸ್ವಲ್ಪ ಗೆಲುವಾಯಿತು. ಹಾಗಾದರೆ ನಾಳೆಯೇ ಬಂದುಬಿಡು, ನಮ್ಮಲ್ಲಿ ಕೂತು ಮಾಡುವ ಕೆಲಸ ಎಂದರು.

ಅವಳು ಲೋಟ ಎತ್ತಿಕೊಂಡು ಎದ್ದಳು.

“ಅಲ್ಲೂ ದಿನಾ ಗೇಟಲ್ಲಿ ಚೀಲ ಬಿಚ್ಚಿಸಿ ನೋಡ್ತಾರೆ ಬೈರಣ್ಣ,” ಎಂದಳು. “ಆದ್ರೆ ಎಲ್ಲಾರ್ದೂ ನೋಡ್ತಾರೆ.”