ಎರಡನೇ ಪುಟಕ್ಕೆ ಜಾರಿದ ಸಾಲು

ಮೊನ್ನೆ ಮೌಂಟನ್ ವ್ಯೂ ಆಫೀಸಿನಲ್ಲಿ ಪ್ರಿಂಟರಿನಿಂದ ಆಗತಾನೇ ಬಂದ ಬಿಸಿ ಹಾಳೆಗಳನ್ನು ಎತ್ತಿಕೊಂಡೆ. ಟೋನರಿನ ಆ ವಾಸನೆಗೆ ಯೂನಿಯನ್ ಸಿಟಿಯ ಲ್ಯಾಬಿನ ಡಾಕ್ಟರಮ್ಮ ನೆನಪಾದರು...

ಅಲ್ಲಿ ಅವರು ಡಾಕ್ಟರಾಗಿರಲಿಲ್ಲ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಪೆಥಾಲಜಿಸ್ಟ್ ಆಗಿದ್ದವರು, ಈ ದೇಶದ ಲೈಸೆನ್ಸು ಸಿಗದೆ, ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಓದಿ ಕ್ಲಿನಿಕ್ಕುಗಳಿಗೆ ಕಳಿಸುವ ಕೆಲಸಕ್ಕೆ ಸೇರಿದ್ದರು. ಆ ರಿಪೋರ್ಟಿನ ಸಾಫ್ಟ್‌ವೇರು ನೋಡಿಕೊಳ್ಳುತ್ತಿದ್ದವಳು ನಾನು. ಡಾಕ್ಟರಮ್ಮ ಅಂತ ಕರೆಯುತ್ತಿದ್ದವಳೂ ನಾನೊಬ್ಬಳೇ.

ಒಂದು ಮಧ್ಯಾಹ್ನ ಎರಡು ಹಾಳೆ ಹಿಡಿದು ನನ್ನ ಹತ್ತಿರ ಬಂದರು. ಅವರ ಕಂಪ್ಯೂಟರಿನಲ್ಲಿ ಪ್ರಿಂಟ್ ಕೊಟ್ಟರೆ ರಿಪೋರ್ಟು ಒಂದೇ ಪುಟ. ಅದನ್ನೇ ಲ್ಯಾಬಿನ ದೊಡ್ಡ ಕಂಪ್ಯೂಟರು, ಅಂದರೆ ಸರ್ವರ್, ತಯಾರಿಸಿ ಕ್ಲಿನಿಕ್ಕಿಗೆ ಕಳಿಸಿದರೆ ಕೊನೆಯ ಸಾಲು ಎರಡನೇ ಪುಟಕ್ಕೆ ಹೋಗುತ್ತಿತ್ತು. ಲ್ಯಾಬಿನವರ ಷರಾ ಇರುತ್ತಿದ್ದದ್ದು ಆ ಸಾಲಿನಲ್ಲೇ. ನಾನು ನನ್ನ ಕಂಪ್ಯೂಟರಿನಲ್ಲಿ ತೆಗೆದು ನೋಡಿದೆ. ಒಂದೇ ಪುಟ. ಇಲ್ಲಿ ಸರಿಯಾಗೇ ಇದೆಯಲ್ಲ ಅಂದೆ.

"ನಿಮ್ಮಲ್ಲಿ ಛಲೋನೇ ಬರ್ತದರಿ. ಕ್ಲಿನಿಕ್ಕಿನವರು ನೋಡೋದು ನಿಮ್ಮ ಕಂಪ್ಯೂಟರಿನ್ಯಾಗ ಅಲ್ಲಲ್ಲರಿ," ಅಂದರು ಮೆಲ್ಲಗೆ.

ಮಾರ್ಜಿನ್ನು ಬದಲಿಸಿದೆ, ಪೇಪರ್ ಸೈಜು ನೋಡಿದೆ, ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರು ಹೊಸದು ಹಾಕಿದೆ. ಏನೂ ಆಗಲಿಲ್ಲ. ಆ ಸರ್ವರ್‌ಗೆ ಕೈ ಹಾಕಲು ನನಗೆ ಅನುಮತಿ ಇರಲಿಲ್ಲ. ಅದನ್ನು ನೋಡಿಕೊಳ್ಳುವವರು ತಮ್ಮ ಕಡೆ ಎಲ್ಲ ಸರಿಯಿದೆ ಎಂದು ಎರಡು ಸಲ ಬರೆದು ಕಳಿಸಿದರು. ಅಷ್ಟು ದಿನವೂ ಡಾಕ್ಟರಮ್ಮ ಒಂದೊಂದು ಕ್ಲಿನಿಕ್ಕಿಗೂ ಫೋನು ಮಾಡಿ, ಎರಡನೇ ಪುಟ ಬಂತೇ ಎಂದು ಕೇಳುತ್ತಿದ್ದರು. ಒಂದು ಕ್ಲಿನಿಕ್ಕಿನವರು ಫೋನು ಎತ್ತಲಿಲ್ಲ.

ಆ ಕ್ಲಿನಿಕ್ಕಿನವರು ಮೊದಲ ಪುಟ ಮಾತ್ರ ಫೈಲಿಗೆ ಹಾಕಿದ್ದರು. ಸ್ಯಾಂಪಲ್ ಕೆಟ್ಟಿದೆ, ರಕ್ತ ಮತ್ತೆ ತೆಗೆಯಿರಿ ಅನ್ನುವ ಮಾತು ಎರಡನೆಯದರಲ್ಲಿತ್ತು. ತುಂಬು ಬಸುರಿಯೊಬ್ಬಳು, ಎಲ್ಲ ಸರಿಯಿದೆ ಅಂದುಕೊಂಡು ಮನೆಗೆ ಹೋಗಿದ್ದಳು.

ವಿಷಯ ಲ್ಯಾಬಿಗೆ ಗೊತ್ತಾಗಿ ಕರೆದ ಮೀಟಿಂಗಿನಲ್ಲಿ ಮ್ಯಾನೇಜರು, ರಿಪೋರ್ಟು ಕಳಿಸಿದ್ದು ಯಾರ ಹೆಸರಿನಲ್ಲಿ ಎಂದಷ್ಟೇ ಕೇಳಿದರು. ತಪ್ಪು ಡಾಕ್ಟರಮ್ಮನದಲ್ಲ ಎಂದು ನನಗೆ ಗೊತ್ತಿತ್ತು, ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಇನ್ನೂ ಹುಡುಕುತ್ತಿದ್ದೇವೆ ಅಂದೆ, ಅಷ್ಟೇ... ಡಾಕ್ಟರಮ್ಮ ನನ್ನ ಕಡೆ ನೋಡಲೂ ಇಲ್ಲ. ಆ ಶುಕ್ರವಾರವೇ ಅವರ ಕೆಲಸ ಹೋಯಿತು.

ಮುಂದಿನ ವಾರ ಆ ಸರ್ವರ್ ತೆರೆದು ನೋಡಲು ನನಗೆ ಅನುಮತಿ ಸಿಕ್ಕಿತು. ನಮ್ಮ ರಿಪೋರ್ಟಿನ ಅಕ್ಷರಗಳದು ಒಂದು ಸಣಕಲು ಫಾಂಟು. ನಮ್ಮೆಲ್ಲರ ಕಂಪ್ಯೂಟರಿನಲ್ಲೂ ಅದಿತ್ತು, ಸರ್ವರಿನಲ್ಲಿ ಇರಲಿಲ್ಲ. ಅದಕ್ಕೆ ಬದಲು ಸರ್ವರ್ ತನ್ನಲ್ಲಿದ್ದ ಅಗಲದ ಫಾಂಟು ಬಳಸಿತ್ತು, ಸಾಲುಗಳು ಬೆಳೆದು ಕೊನೆಯದು ಕೆಳಗೆ ಜಾರಿತ್ತು. ಫಾಂಟು ಹಾಕಲು ಐದು ನಿಮಿಷವೂ ಬೇಕಾಗಲಿಲ್ಲ.

ಕೂಡಲೇ ಡಾಕ್ಟರಮ್ಮನಿಗೆ ಫೋನು ಮಾಡಿ ಹೇಳಿದೆ, ಕ್ಷಮೆ ಕೇಳಿದೆ.

"ಆ ಹುಡುಗಿ ಮತ್ತ ರಕ್ತ ಕೊಟ್ಟಳೇನ್ರಿ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಮ್ಯಾನೇಜರಿಗೆ ಎಲ್ಲ ಬರೆದು ಕಳಿಸಿದೆ. ಥ್ಯಾಂಕ್ಸ್ ಎಂಬ ಉತ್ತರ ಬಂತು, ಡಾಕ್ಟರಮ್ಮನನ್ನು ಯಾರೂ ವಾಪಸು ಕರೆಯಲಿಲ್ಲ.

ಆ ಬಸುರಿ ಹುಡುಗಿ ಮತ್ತೆ ರಕ್ತ ಕೊಟ್ಟಳೆಂದೂ, ಹೆರಿಗೆ ಸುಸೂತ್ರವಾಯಿತೆಂದೂ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಅದನ್ನು ಹೇಳಲು ಡಾಕ್ಟರಮ್ಮನಿಗೆ ಫೋನು ಮಾಡಿದರೆ ಯಾರೋ ಸ್ಪ್ಯಾನಿಷ್‌ನಲ್ಲಿ ಮಾತಾಡಿದರು. ಡಾಕ್ಟರಮ್ಮ ತಾವಿದ್ದ ಅಪಾರ್ಟ್‌ಮೆಂಟನ್ನೂ ಬಿಟ್ಟಿದ್ದರು. ಎಲ್ಲಿ ಹೋದರೆಂದು ಲ್ಯಾಬಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊನ್ನೆ ಇನ್ನೊಮ್ಮೆ ಆ ನಂಬರು ಒತ್ತಿ ನೋಡಿದೆ. ಈಗ ಅದು ಯಾರ ಹೆಸರಿನಲ್ಲೂ ಇಲ್ಲ.