ಎಡಗಡೆ ನಿಂತ ಗಿರಾಕಿ

ತರಬೇತಿಯ ಮೊದಲ ದಿನ ನನ್ನ ಕೈಗೊಂದು ಕನ್ನಡಿ ಕೊಟ್ಟು, ನಗುವುದನ್ನು ಅಭ್ಯಾಸ ಮಾಡಿ ಎಂದರು. ಹದಿನೇಳು ವರ್ಷ ಫಿರಂಗಿಗಳ ಪಕ್ಕ ನಿಂತು ಬಂದ ಹವಾಲ್ದಾರನಿಗೆ ಇದಕ್ಕಿಂತ ವಿಚಿತ್ರವಾದ ಹುಕುಂ ಯಾರೂ ಕೊಟ್ಟಿರಲಿಲ್ಲ.

ಕಲಬುರಗಿಯಲ್ಲಿ ಏನು ಮಾಡುತ್ತಿದ್ದೀ ಎಂದು ಕಮಲಾಪುರದ ನೀವೆಲ್ಲ ಕೇಳುತ್ತಿದ್ದಿರಿ. ಒಂದು ತಿಂಡಿ ಕಂಪನಿಯ ಫ್ರಾಂಚೈಸಿ ಹಿಡಿಯಲು ತಯಾರಾಗುತ್ತಿದ್ದೆ. ಹೆಸರು, ತಿಂಡಿ, ನಿಯಮ ಎಲ್ಲ ಕಂಪನಿಯವು. ಅಂಗಡಿ ಮಾತ್ರ ನಮ್ಮದು. ಅದಕ್ಕೂ ಮೊದಲು ಅವರ ಅಂಗಡಿಯಲ್ಲಿ ಮೂರು ತಿಂಗಳು ನಿಂತು ಪಾಸಾಗಬೇಕು. ಹೆಂಡತಿ ಸಾವಿತ್ರಿಯನ್ನು ಊರಲ್ಲೇ ಬಿಟ್ಟು ಬಂದೆ. ಮಾಜಿ ಸೈನಿಕನೆಂದರೆ ಮನೆ ಬೇಗ ಸಿಗುತ್ತದೆ ಅಂದುಕೊಂಡಿದ್ದೆ. "ಒಬ್ಬರೇ ಇರೋರಿಗಿ ಕೊಡಂಗಿಲ್ರೀ" ಎಂದವರೇ ಹೆಚ್ಚು. ಕಡೆಗೆ ಶರಣಬಸವೇಶ್ವರ ಗುಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ ಸಿಕ್ಕಿತು.

ನಮ್ಮೂರಲ್ಲಿ ನೆನೆಸಿದ ಮಂಡಕ್ಕಿಯ ಸುಸಲಾ ಕಾಗದದ ಮೇಲೆ ಬರುತ್ತದೆ, ಜೊತೆಗೆ ನಾಲ್ಕು ಮಾತೂ ಬರುತ್ತವೆ. ಇಲ್ಲಿ ತೂಗಿ ಬಟ್ಟಲಿಗೆ ಹಾಕಿ, ಕಲಿಸಿದ ಮೂರೇ ವಾಕ್ಯ ಹೇಳಬೇಕು. ನನಗದು ಅನುಕೂಲವೇ ಆಯಿತು. ಫಿರಂಗಿಯ ಸದ್ದು ನನ್ನ ಎಡಗಿವಿಯನ್ನು ತಿಂದುಹಾಕಿತ್ತು. ಅಂಗಡಿ ಕೈತಪ್ಪೀತೆಂದು ಅರ್ಜಿಯಲ್ಲಿ ಅದನ್ನು ಬರೆದಿರಲಿಲ್ಲ. ಕೇಳಿಸದಾಗ ನಗುತ್ತಿದ್ದೆ.

"ಸೂಪರ್ ಸರ್, ತುಂಬಾ ಚೆನ್ನಾಗಿ ನಗ್ತೀರಾ," ಎಂದು ಬೆಂಗಳೂರಿನಿಂದ ಬಂದ ತರಬೇತುದಾರ ಬೆನ್ನು ತಟ್ಟಿದ.

ಎರಡನೇ ತಿಂಗಳು ಒಬ್ಬ ಹೆಣ್ಣುಮಗಳು ಎಡಗಡೆ ನಿಂತು ಏನೋ ಹೇಳಿದಳು. ನಕ್ಕು, "ಆಯ್ತು ಮೇಡಂ" ಎಂದೆ. ಶೇಂಗಾಪುಡಿ ಕಲಸಿದ ಸುಸಲಾ ಕೊಟ್ಟೆ. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಅವಳ ತುಟಿ ಊದಿತು, ಕೈ ಗಂಟಲಿಗೆ ಹೋಯಿತು. ಗಂಡ ಅವಳನ್ನು ಎತ್ತಿಕೊಂಡು ಆಟೋದತ್ತ ಓಡುತ್ತ ಕೂಗಿದ: "ಶೇಂಗಾ ಬ್ಯಾಡಂತ ಹೇಳಿದ್ಳಲ್ರೀ! ಆಗಿ ಬರಂಗಿಲ್ಲಂತ ಹೇಳಿದ್ಳಲ್ರೀ!"

ಆ ಕೂಗು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮೂರನೇ ದಿನ ಆಸ್ಪತ್ರೆಗೆ ಹೋದೆ. ಬದುಕಿದ್ದಳು. ದನಿ ಇನ್ನೂ ಒಡೆದಿತ್ತು. ಕಿವಿಯ ಸಂಗತಿ ಹೇಳಿ, ಬಲಗಿವಿ ಅವಳತ್ತ ಬಗ್ಗಿಸಿ ನಿಂತೆ.

"ಕೇಳಿಸ್ಲಿಲ್ಲಂದ್ರ ಇನ್ನೊಮ್ಮಿ ಕೇಳಬೇಕಿತ್ತಲ್ರೀ ಅಣ್ಣಾ," ಎಂದಳು.

ಅಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆ.

ಕಂಪನಿಗೆ ನಿಜ ಬರೆದುಕೊಟ್ಟೆ. ಅರ್ಜಿ ತಿರಸ್ಕೃತವಾಯಿತು. ತರಬೇತುದಾರನೇ ಮರುಕಪಟ್ಟು ಕಲಬುರಗಿಯಲ್ಲೇ ಕಂಪನಿಯ ಗೋದಾಮಿನಲ್ಲಿ ಕೆಲಸ ಕೊಡಿಸಿದ. ಅಲ್ಲಿ ಮಂಡಕ್ಕಿ ಮೂಟೆ ಇಳಿಸುತ್ತೇನೆ. ಯಾರೂ ನನ್ನನ್ನು ಏನನ್ನೂ ಕೇಳುವುದಿಲ್ಲ. ಕಾಯಂ ಆಗಿ ಊರಿಗೆ ಬಂದುಬಿಡಿ ಎನ್ನುತ್ತಾಳೆ ಸಾವಿತ್ರಿ. ಬಂದು ಏನೆಂದು ಹೇಳಲಿ? ಅಂಗಡಿ ತೆರೆಯುತ್ತೇನೆಂದು ನಿಮಗೆಲ್ಲ ಹೇಳಿಯಾಗಿತ್ತು.

ಪ್ರತಿ ಶನಿವಾರ ಸಂಜೆ ಬಸ್ಸು ಹಿಡಿದು ಕಮಲಾಪುರದಲ್ಲಿ ಇಳಿಯುತ್ತೇನೆ. ನಾನು ಸೈನ್ಯ ಬಿಟ್ಟು ಎರಡು ವರ್ಷವಾಯಿತೆಂದು ಗೊತ್ತಿದ್ದರೂ, ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವ ಕಾಶಮ್ಮ ಹಳೆಯ ರೂಢಿಯಲ್ಲೇ ಕೇಳುತ್ತಾಳೆ: "ಯಾವಾಗ್ ಬಂದ್ಯೋ ತಮ್ಮಾ? ರಜಾ ಎಷ್ಟ್ ದಿನ ಅದ?"

"ಒಂದೇ ದಿನ, ಯವ್ವಾ," ಎನ್ನುತ್ತೇನೆ.